ಅವ್ವ ಉಂಡಾಳೇನು?

ಕಾಲುವಿ ನೀರು ನಮ್ಮ ಹೊಲಕ್ಕ ಬಂದ ವರ್ಷ ನಮ್ಮ ಮನ್ಯಾಗ ರೊಟ್ಟಿ ಬಡಿಯೋ ಸಪ್ಪಳ ನಿಂತಿತು. ನಿಲ್ಲಿಸಿದಾಕಿ ನಮ್ಮ ಆಯಿ, ಅಪ್ಪನ ತಾಯಿ. ಮೊದಲನೇ ನೆಲ್ಲಿನ ರಾಶಿ ಆಗಿ, ಶಹಾಪುರದ ಗಿರಣ್ಯಾಗ ಅಕ್ಕಿ ಮಾಡಿಸಿಕೊಂಡು ಬಂದ ದಿನ ಆಕಿ ಚೀಲಗಳನ್ನ ಪಡಸಾಲ್ಯಾಗ ಗ್ವಾಡಿಗೆ ಒಟ್ಟಿಸಿದಳು. ಬಂದೋರಿಗೆ ಕಾಣಲಿ ಅಂತ ಬೇಕಂತಲೇ ಪಡಸಾಲ್ಯಾಗ. ಆಮ್ಯಾಲೆ ಅವುಗಳ ಮುಂದ ಕಂಬಳಿ ಹಾಸಿಕೊಂಡು ಕುಂತು ಮನಿಮಂದಿನೆಲ್ಲ ಕರದು ಹೇಳಿದಳು:

"ಇನ್ನ ಮ್ಯಾಲೆ ಈ ಮನ್ಯಾಗ ಎರಡೂ ಹೊತ್ತು ಅನ್ನ. ಹಬ್ಬಕ್ಕೊಮ್ಮೆ, ಜ್ವರ ಬಂದಾಗೊಮ್ಮೆ ಅನ್ನ ಉಂಡು ನನಗ ಸಾಕಾಗೇದ. ನಾವೂ ಅನ್ನ ಉಣ್ಣೋ ಮಂದಿ ಆದ್ವಿ ಅಂತ ಊರಿಗೆ ಗೊತ್ತಾಗ್ಲಿ."

ಆಕಿ ಆಸೆದಾಗ ತಪ್ಪು ಏನಿತ್ತು? ನಮ್ಮೂರು ಶಹಾಪುರಕ್ಕೂ ಭೀಮರಾಯನಗುಡಿಗೂ ನಡುವಿನ ಸಣ್ಣ ಊರು. ಕಾಲುವಿ ಬರೋತನಕ ಎರಿಹೊಲ, ಜ್ವಾಳ, ತೊಗರಿ, ಅಷ್ಟೇ. ಆಂಧ್ರದ ಕಡಿ ಮಂದಿ ಬಂದು ಹೊಲದ ದಂಡಿಗೆ ಗುಡಿಸಲು ಹಾಕಿಕೊಂಡು ನೆಲ್ಲು ಹಚ್ಚೋದು ತೋರಿಸಿಕೊಟ್ಟರು, ನಮ್ಮ ಮಂದಿ ನೋಡಿ ಕಲಿತರು. ಜೀವಮಾನೆಲ್ಲ ಬ್ಯಾರೇರ ಮನಿ ಮದುವ್ಯಾಗ ಅನ್ನದ ಪಾಳಿ ಕಾಯ್ದ ಆಯಿಗೆ ತನ್ನ ಮನಿ ಅಕ್ಕಿ ಅಂದ್ರ ಎಷ್ಟು ಹಿಗ್ಗು ಅಂತೀರಿ! ಅಳತಿ ಪಾವನ್ನ ಆಕಿ ಯಾರ ಕೈಗೂ ಕೊಡಲಿಲ್ಲ. ಹೊತ್ತಿಗೆ ಇಷ್ಟೇ ಪಾವು ಅಂತ ತಾನೇ ಅಳದು ಅವ್ವ ಅಕ್ಕಿ ಕೇರೋ ಮರದಾಗ ಹಾಕತಿದ್ದಳು. ಅವ್ವ ಅಂದ್ರ ಆಕಿ ಸೊಸಿ, ನಮ್ಮ ತಾಯಿ, ಈರವ್ವ.

ಆದ್ರ ರೊಟ್ಟಿಗೂ ಅನ್ನಕ್ಕೂ ಒಂದು ಫರಕು ಅದ, ಅದು ಯಾರ ತಲಿಗೂ ಹೊಳೀಲಿಲ್ಲ. ರೊಟ್ಟಿ ಇದ್ದಾಗ ಅವ್ವ ಹಂಚಿನ ಮುಂದ ಕುಂತು ಬಡೀತಿದ್ದಳು, ಬಂದೋರು ಬಂದಂಗ ಬಿಸಿ ರೊಟ್ಟಿ ಹಾಕಿಸಿಕೊಂಡು ಉಂಡು ಏಳ್ತಿದ್ದರು. ಒಂದು ರೊಟ್ಟಿ ಹರದ್ರ ಅದು ಬಡಿಯೋಳಿಗೆ. ನಡುನಡುವೆ ಒಂದು ತುಣುಕು ಮುರದು ಶೇಂಗಾ ಹಿಂಡಿ ಹಚ್ಚಿಕೊಂಡು ಬಾಯಿಗೆ ಹಾಕ್ಕೊಂಡ್ರ ಯಾರೂ ಏನೂ ಅಂತಿರಲಿಲ್ಲ, ಯಾರೂ ನೋಡ್ತಾನೂ ಇರಲಿಲ್ಲ. ಎಲ್ಲಾರದೂ ಆದ ಮ್ಯಾಲೆ ಕಡಿಮಿ ಬಿತ್ತಂದ್ರ ಇನ್ನೊಂದು ಹಿಡಿ ಹಿಟ್ಟು ನಾದಿದ್ರ ಮುಗೀತು. ಅನ್ನ ಹಂಗಲ್ಲ. ಒಮ್ಮೆ ಕುದಿಸಿ ಬಸದಿಟ್ಟರ ಆತು, ಗಡಿಗ್ಯಾಗ ಇದ್ದಷ್ಟೇ. ಅಪ್ಪ ಉಣ್ತಿದ್ದ, ಅಪ್ಪನ ತಮ್ಮ ಮಾನಪ್ಪ ಕಾಕಾ ಉಣ್ತಿದ್ದ. ರೊಟ್ಟಿ ಆದ್ರ ಅಗಿದು ಅಗಿದು ದವಡಿ ದಣೀತಾವ, ಮೂರನೇದಕ್ಕ ಕೈ ನಿಲ್ತದ. ಅನ್ನ ಗಂಟಲಾಗ ಇಳೀತಾನೇ ಇರ್ತದ. ಅವರಾದ ಮ್ಯಾಲೆ ಆಯಿ, ಆಮ್ಯಾಲೆ ನಾವಿಬ್ಬರು ಹುಡುಗ್ಯಾರು, ಕಟ್ಟಕಡೀಗೆ ಅವ್ವ. ಅಷ್ಟೊತ್ತಿಗೆ ಗಡಿಗ್ಯಾಗ ತಳಕ್ಕ ಹತ್ತಿದ ಒಂದು ಹಿಡಿ ಇದ್ರ ಇತ್ತು, ಇಲ್ಲಂದ್ರ ಇಲ್ಲ. ಬಸದ ಗಂಜಿಗೆ ಉಪ್ಪು ಹಾಕಿ ಕುಡದು, ಅವ್ವ ಬೂದಿ ತಗೊಂಡು ಬೋಗಾಣಿ ತಿಕ್ಕಾಕ ಕುಂದರ್ತಿದ್ದಳು. ಮನಿ ತುಂಬ ಅಕ್ಕಿ ಬಂದ ವರ್ಷನೇ ನಮ್ಮವ್ವ ಹಸದಳು. ಇದನ್ನ ಬರೆಯೋವಾಗ ಈಗೂ ನನಗ ಸಿಟ್ಟು ಬರ್ತದ.

ನನಗ ಆಗ ಹತ್ತು ವರ್ಷ. ಹಾಕಿದ್ದನ್ನ ಗಪ್ಪಂತ ಉಣ್ಣೋ ಹುಡುಗಿ ಅಂತ ಓಣಿತುಂಬ ನನ್ನ ಹೆಸರು. ಹಸಿವು ಇದ್ರೂ ಉಣ್ತಿದ್ದೆ, ಇಲ್ಲದಿದ್ರೂ ಉಣ್ತಿದ್ದೆ, ತಾಟು ತೊಳದಂಗ ಮಾಡಿ ಏಳ್ತಿದ್ದೆ. "ಶಾಂತಿನ ನೋಡಿ ಕಲೀರಿ" ಅಂತ ಆಯಿ ಮಂದಿ ಮುಂದ ಹೇಳಿದ್ರ ಉಬ್ಬಿಹೋಗ್ತಿದ್ದೆ. ನನ್ನ ತಂಗಿ ಭೀಮವ್ವ, ನಾವು ಭೀಮಿ ಅಂತಿದ್ವಿ, ನಾಕು ವರ್ಷದಾಕಿ. ಆಕಿದು ಪೂರಾ ಉಲ್ಟಾ. ಹಸಿವಾತಂದ್ರ ಆಟ ಬಿಟ್ಟು ಓಡಿಬಂದು, ತನ್ನ ಸಣ್ಣ ತಾಟು ತೊಡಿ ಮ್ಯಾಲೆ ಇಟ್ಟುಕೊಂಡು "ಹಸದೀನಿ, ಹಾಕು" ಅಂತ ಕುಂದರ್ತಿದ್ದಳು. ಅದು ಊಟದ ಹೊತ್ತೋ ಅಲ್ಲೋ, ಆಕಿಗೆ ಸಂಬಂಧ ಇಲ್ಲ. ಹೊಟ್ಟಿ ತುಂಬಿತಂದ್ರ ಅರ್ಧ ತುತ್ತು ಕೈಯಾಗ ಇದ್ರೂ ತಾಟಿಗೆ ಹಾಕಿ, ಲಂಗಕ್ಕ ಕೈ ಒರಸ್ಕೊಂಡು ಎದ್ದುಬಿಡ್ತಿದ್ದಳು. ಆಯಿಗೆ ಇದು ತಡಕೊಳ್ಳಾಕ ಆಗ್ತಿರಲಿಲ್ಲ.

"ಏ ಹುಚ್ಚಿ, ಕುಂದ್ರು! ಇನ್ನೊಂದು ತುತ್ತು. ಈ ತುತ್ತು ಕಾಕಾಂದು ನೋಡು, ಬಾಯಿ ತಗಿ."

"ಕಾಕಾಂದು ಕಾಕಾಗ ಕೊಡು."

"ಹಂಗಂದ್ರ ಎಮ್ಮಿ ಕರುವಿಂದು."

"ಕರು ಅನ್ನ ಉಣ್ಣಂಗಿಲ್ಲ ಆಯಿ. ಹುಲ್ಲು ಉಣ್ತದ. ನಿನಗ ಗೊತ್ತಿಲ್ಲೇನ್?"

ಎಲ್ಲಾರೂ ನಗ್ತಿದ್ದರು, ಆಯಿ ಒಬ್ಬಾಕಿನ ಬಿಟ್ಟು. ಮುಂದ ನಾ ಅಂಗನವಾಡಿ ಟೀಚರಮ್ಮ ಆದೆ, ಅದರಾಗೇ ತಲಿ ಬೆಳ್ಳಗಾಯಿತು. ತಾಯಂದಿರು ಬರ್ತಾರ, "ಟೀಚರಮ್ಮ, ನಮ್ಮ ಕೂಸಿಗೆ ಉಣ್ಣೋದು ಒಂದೀಟು ಕಲಿಸ್ರಿ" ಅಂತಾರ. ನೀವೇ ಅದರ ಮುಂದ ನಾಕು ದಿನ ಕುಂತು ಕಲೀರಿ, ಅಂತೀನಿ ನಾ. ಮಾರಿ ಸಣ್ಣ ಮಾಡ್ಕೊಂಡು ಹೋಗ್ತಾರ. ಹೋಗ್ಲಿ. ಹಸಿವು ಅಂದ್ರ ಏನು, ಸಾಕು ಅಂದ್ರ ಏನು ಅಂತ ಕೂಸಿಗೆ ಗೊತ್ತಿದ್ದಷ್ಟು ನಮಗ ಗೊತ್ತಿಲ್ಲ. ನಾವು ಗಡಿಯಾರ ನೋಡಿ ಉಣ್ತೀವಿ, ಮಂದಿ ನೋಡಿ ಉಣ್ತೀವಿ, ಇಜ್ಜತ್ ನೋಡಿ ಉಪಾಸ ಬೀಳ್ತೀವಿ.

ಭೀಮಿದು ಇನ್ನೊಂದು ಚಟ ಇತ್ತು. ತಾನು ಉಣ್ಣಾಕ ಕುಂತ್ರ ಎದುರಿಗೆ ಇದ್ದೋರಿಗೆ "ನೀ ಉಂಡಿ?" ಅಂತ ಕೇಳೋದು. ಹಾಲು ಹಾಕಾಕ ಬಂದೋರಿಗೆ, ಅಂಗಳದಾಗಿನ ನಾಯಿಗೆ, ಕೊಡ ತಗೊಂಡು ಹೊಂಟೋರಿಗೆ, ಎಲ್ಲಾರಿಗೂ. ನಮ್ಮ ಕಡಿ ದೊಡ್ಡೋರೂ ಸಿಕ್ಕಸಿಕ್ಕಲ್ಲಿ "ಊಟ ಆತ್ರಿ?" ಅಂತಾರ, ಹೊಟ್ಟ್ಯಾಗ ಏನೂ ಇಲ್ಲದಿದ್ರೂ "ಆತ್ರಿ" ಅಂತಾರ, ಕೇಳಿದಾಂವ ಮುಂದ ಹೋಗ್ತಾನ. ಕೇಳಾಂವಗೂ ಬೇಕಾಗಿಲ್ಲ, ಹೇಳಾಂವಗೂ ಬೇಕಾಗಿಲ್ಲ. ಭೀಮಿ ಮಾತ್ರ ಖರೇನೇ ಕೇಳ್ತಿದ್ದಳು. ಉತ್ತರ ಬರೋತನಕ ಬಾಯಾಗ ತುತ್ತು ಇಡ್ತಿರಲಿಲ್ಲ.

ಆ ವರ್ಷ ಅವ್ವ ಬಸುರಿ, ಐದು ತುಂಬಿತ್ತು. ನನಗೂ ಭೀಮಿಗೂ ನಡುವೆ ಒಂದು ಗಂಡುಕೂಸು ಹುಟ್ಟಿ ಒಂಬತ್ತು ದಿನಕ್ಕ ಹೋಗಿತ್ತು. ಅದು ಹುಟ್ಟಿದ ವರ್ಷ ಮಳಿ ಇರಲಿಲ್ಲ, ಮನಿಮಂದಿಯೆಲ್ಲ ಅರ್ಧಹೊಟ್ಟಿ ಇದ್ವಿ, ಯಾರನ್ನ ಬೈಯೋದು? ಈ ಸಲದ ಕೂಸಿಗೆ ಹಂಗ ಆಗಂಗಿಲ್ಲ ಅಂತ ಎಲ್ಲಾರೂ ನಂಬಿದ್ದರು, ಚೀಲ ಕಣ್ಣಮುಂದೇ ಇದ್ದುವಲ್ಲ. ಭೀಮರಾಯನಗುಡಿ ಕಡಿಂದ ತಿಂಗಳಿಗೊಮ್ಮೆ ನರ್ಸಕ್ಕ ಬರ್ತಿದ್ದಳು. ಆಕಿ ಅವ್ವನ ಕಣ್ಣಿನ ರೆಪ್ಪಿ ಕೆಳಗ ಎಳದು ನೋಡಿ, ಆಯಿ ಕಡಿ ತಿರುಗಿದಳು.

"ನೋಡ್ರಿ ಆಯಿ, ಕಣ್ಣು ಸುಣ್ಣದಂಗ ಬೆಳ್ಳಗದಾವ. ಮೈಯಾಗ ರಕ್ತನೇ ಇಲ್ಲ. ಹೊಟ್ಟಿ ತುಂಬ ಉಣಸ್ರಿ ಈಕಿಗೆ. ಹಿಂಗೇ ಆದ್ರ ಈ ಕೂಸೂ ದಕ್ಕಂಗಿಲ್ಲ, ಈಕಿ ಉಳಿಯೋದೂ ಕಷ್ಟ."

ಆಯಿಗೆ ಎಲ್ಲಿಲ್ಲದ ಸಿಟ್ಟು ಬಂತು. ಚೀಲದ ಮ್ಯಾಲೆ ಟಪ್ಪಂತ ಕೈ ಬಡದಳು.

"ಇವು ಕಾಣಂಗಿಲ್ಲೇನವ್ವ ನಿನಗ? ನನ್ನ ಮನ್ಯಾಗ ಉಪಾಸ ಇರೋರು ಯಾರದಾರ? ಶಾಂತಿ, ಬಾ ಇಲ್ಲಿ. ನೀ ಸುಳ್ಳು ಹೇಳಾಕಿ ಅಲ್ಲ. ನಿಮ್ಮವ್ವ ಮುಂಜಾನೆ ಉಂಡಾಳೇನು?"

ನಾ ಅವ್ವನ ಕಡಿ ನೋಡಿದೆ. ಆಕಿ ಸೆರಗಿನ ತುದಿ ಕೈಬಟ್ಟಿಗೆ ಸುತ್ತಿಕೊಂಡು ನೆಲ ನೋಡಾಕತ್ತಿದ್ದಳು. ಆಕಿ ನನಗ ಮೊದಲೇ ಹೇಳಿಟ್ಟಿದ್ದಳು, "ಅಳತಿ ಅತ್ತಿದು. ಕಡಿಮಿ ಬಿತ್ತು ಅಂದ್ರ ಅವರಿಗೆ ಅಂದಂಗ ಆಗ್ತದ. ಯಾರಾರ ಕೇಳಿದ್ರ ಅವ್ವ ಉಂಡಾಳ ಅನ್ನು" ಅಂತ. ನಾ ಹೇಳಿದ್ದು ಕೇಳೋ ಹುಡುಗಿ.

"ಉಂಡಾಳ," ಅಂದೆ.

ನರ್ಸಕ್ಕ ಗುಳಿಗಿ ಕೊಟ್ಟು ಹೋದಳು. ಆ ಒಂದು ಮಾತು ನನ್ನ ನಾಲಿಗಿ ಮ್ಯಾಲೆ ಕಹಿ ಗುಳಿಗಿಯಂಗ ಎಷ್ಟೋ ದಿನ ಉಳೀತು. ಆ ಒಂಬತ್ತು ದಿನದ ತಮ್ಮನ್ನ ನಾ ಎತ್ತಿಕೊಂಡಿದ್ದೆ. ಅಂಗೈ ಅಗಲ ಮಾರಿ, ನನಗ ನೆನಪಿತ್ತು.

ಅವತ್ತೇ ಮಧ್ಯಾಹ್ನ ಭೀಮಿ ಉಣ್ಣಾಕ ಕುಂತಳು. ಅವ್ವ ಆಕಿಗೆ ಅನ್ನಕ್ಕ ಬ್ಯಾಳಿ ಕಲಸಿ ಕೊಟ್ಟು, ಗಡಿಗಿ ಎತ್ತಿಕೊಂಡು ಹೊಂಟಿದ್ದಳು.

"ಅವ್ವಾ, ನೀ ಉಂಡಿ?"

"ಉಂಡೀನವ್ವ. ನೀ ಉಣ್ಣು."

ಭೀಮಿ ಎದ್ದು ಹೋಗಿ ಅವ್ವನ ಬಲಗೈ ಹಿಡದು ಮೂಗಿಗೆ ಹಚ್ಚಿಕೊಂಡಳು. ಬಟ್ಟುಬಟ್ಟು ಬಿಡಿಸಿ ಮೂಸಿದಳು.

"ಬೂದಿ ವಾಸನಿ. ಬ್ಯಾಳಿ ವಾಸನಿ ಇಲ್ಲ. ನೀ ಉಂಡಿಲ್ಲ."

ಅವ್ವ ನಕ್ಕಳು. ಭೀಮಿ ನಗಲಿಲ್ಲ. ತಾಟು ಇಬ್ಬರ ನಡುವೆ ಇಟ್ಟು "ಉಣ್ಣು" ಅಂದಳು. ಕೂಸಿನ ಮನಸ್ಸಿಗೆ ಅಂತ ಅವ್ವ ಒಂದು ತುತ್ತು ಬಾಯಿಗೆ ಹಾಕ್ಕೊಂಡಳು. ಭೀಮಿ ಒಂದು ತುತ್ತು ತಾನು ಉಂಡು ಮತ್ತ ಅವ್ವನ ಕೈ ನೋಡಿಕೋತ ಕುಂತಳು. ಎರಡನೇ ತುತ್ತಿಗೆ ಅವ್ವನ ಕೈ ತಾನಾಗೇ ತಾಟಿಗೆ ಹೋತು. ಹಸಿವು ಅಂದ್ರ ಹಂಗೇ, ಒಂದು ತುತ್ತು ಒಳಗ ಹೋದ್ರ ಮುಚ್ಚಿಟ್ಟದ್ದೆಲ್ಲ ಎದ್ದು ನಿಲ್ತದ. ಇಬ್ಬರೂ ಅದೇ ಸಣ್ಣ ತಾಟು ಖಾಲಿ ಮಾಡಿದರು. ನಾ ಬಾಗಿಲಿಗೆ ಆತುಕೊಂಡು ನಿಂತು ನೋಡಿದೆ, ಹೊಟ್ಟಿ ತುಂಬ ಉಂಡು ನಿಂತಿದ್ದೆ, ನನಗ ನನ್ನ ಮ್ಯಾಲೇ ಹೇಸಿಕಿ ಬಂತು. ನಾಕು ವರ್ಷದಾಕಿಗೆ ತಿಳಿದದ್ದು ಹತ್ತು ವರ್ಷದಾಕಿಗೆ ತಿಳೀಲಿಲ್ಲಂತಲ್ಲ, ತಿಳಿದೂ ಬಾಯಿ ಮುಚ್ಚಿಕೊಂಡಿದ್ದೆ.

ನಾಕು ದಿನ ಹಿಂಗೇ ನಡೀತು. ಐದನೇ ದಿನ ಆಯಿ ಅಡಗಿಮನಿಗೆ ಬಂದಳು.

"ಈರವ್ವ! ಕೂಸಿನ ತಾಟಿನಾಗ ಕೈ ಹಾಕಿ ಉಣ್ಣಾಕತ್ತೀಯಲ್ಲ, ನಾಚಿಕಿ ಬರಂಗಿಲ್ಲ? ಗಡಿಗ್ಯಾಗ ಅನ್ನ ಇಲ್ಲೇನ್?"

ಅವ್ವ ಚಟ್ಟನೆ ಕೈ ಹಿಂದಕ್ಕ ತಗೊಂಡಳು. ನನಗ ಎಲ್ಲಿಂದ ಧೈರ್ಯ ಬಂತೋ, ಮುಂದ ಬಂದು ಹೇಳೇಬಿಟ್ಟೆ.

"ಇಲ್ಲ ಆಯಿ. ಗಡಿಗ್ಯಾಗ ಇಲ್ಲ, ದಿನಾನೂ ಇರಂಗಿಲ್ಲ. ನರ್ಸಕ್ಕನ ಮುಂದ ನಾ ಸುಳ್ಳು ಹೇಳಿದೆ."

ಆಯಿ ಗಡಿಗಿ ಎಳದು ಒಳಗ ಇಣುಕಿ ನೋಡಿದಳು. ಭಾಳ ಹೊತ್ತು ನೋಡಿದಳು.

"ಹಂಗ ಹ್ಯಾಂಗ ಆಗ್ತದ?" ಅಂದಳು. "ಸೊಸಿ ಇದ್ದಾಗ ನಾನೂ ಎಲ್ಲಾರದೂ ಆದ ಮ್ಯಾಲೇ ಉಂಡಾಕಿ. ಒಂದು ದಿನ ಹಸಗೊಂಡು ಮಲಗಿಲ್ಲ. ಹಂಚಿನ ಮುಂದ ಕುಂತಾಕಿ ಉಪಾಸ ಹ್ಯಾಂಗ ಇರ್ತಾಳ?"

ಒಲಿ ಕಡಿ ತಿರುಗಿ ನೋಡಿದಳು. ಹಂಚು ಗ್ವಾಡಿಗೆ ಆನಿಸಿತ್ತು, ಅದರ ಮ್ಯಾಲೆ ಜೇಡ ಬಲಿ ಕಟ್ಟಿತ್ತು. ಖರೇ ಹೇಳ್ತೀನಿ, ಆಯಿ ಕೆಟ್ಟಾಕಿ ಅಲ್ಲ. ರೊಟ್ಟಿ ಕಾಲದ ಪದ್ಧತಿನ ಹಂಗೇ ತಂದು ಅನ್ನದ ಗಡಿಗಿ ಮುಂದ ಇಟ್ಟಿದ್ದಳು, ಅದರಾಗ ಸೊಸಿ ಸಿಗೇಬಿದ್ದಾಳ ಅಂತ ಆಕಿಗೆ ಕಂಡಿರಲಿಲ್ಲ. ಮರುದಿನದಿಂದ ಒಂದು ಪಾವು ಹೆಚ್ಚಿಗಿ ಹಾಕಿದಳು. ಭೀಮಿನ ಮಾತ್ರ ಅಪ್ಪನ ಮಗ್ಗಲಕ ಪಡಸಾಲ್ಯಾಗ ಕುಂದ್ರಿಸಿದಳು, ಮತ್ತೊಮ್ಮೆ ಒಂದೇ ತಾಟಿನಾಗ ಉಣ್ಣಬಾರದಂತ. ಎರಡು ದಿನ ಅವ್ವಗ ಅನ್ನ ಸಿಕ್ಕಿತು. ಮೂರನೇ ದಿನಕ್ಕ ಕಾಕಾನ ಹೊಟ್ಟಿ ಆ ಹೆಚ್ಚಿನ ಪಾವಿಗೂ ಹೊಂದಿಕೊಂಡಿತು. ಅಂವಗೇನು ಗೊತ್ತು ಪಾಪ, ಬಡಸೋ ಹುಟ್ಟಿನಾಗಿನ ಇಷ್ಟು ಅಣ್ಣನ ಹೇಣ್ತಿದು ಅಂತ ಅನ್ನದ ಮ್ಯಾಲೆ ಬರದಿರ್ತದೇನು? ಭೀಮಿ ತನ್ನ ತಾಟಿಂದ ಒಂದು ಮುಷ್ಟಿ ಅನ್ನ ಹಿಡಕೊಂಡು ಅಡಗಿಮನಿಗೆ ಓಡ್ತಿದ್ದಳು. ದಾರಿಯುದ್ದಕ್ಕೂ ಅಗಳು ಬೀಳ್ತಿದ್ದುವು, ಆಯಿ ಬೈತಿದ್ದಳು. ನಾ ಆಯಿ ಹತ್ರ ಹೋಗಿ ಕುಂತೆ.

"ಆಯಿ, ಅಳತಿ ಹೆಚ್ಚಿಗಿ ಮಾಡಿದ್ರ ಆಗಂಗಿಲ್ಲ. ಅವ್ವನ ಪಾಳಿ ಮುಂದ ತಗೊಂಡು ಬಾ."

"ಗಂಡಸರಕಿಂತ ಮೊದಲು ಸೊಸಿ ಉಂಡ ಮನಿ ಎಲ್ಲಿ ನೋಡೀದಿ ನೀ?"

"ಭೀಮಿ ಹಸದೋರಿಗೆ ಮೊದಲು ಕೊಡ್ತಾಳಲ್ಲ."

"ಓಹೋ! ಮೂಗು ಒರಸಿಕೊಳ್ಳಾಕ ಬರಲಾರದ ಕೂಸಿನ ಕಡಿಂದ ನಾ ಉಣ್ಣೋದು ಕಲೀಬೇಕೇನ್?"

"ಹೌದು," ಅಂದೆ. ಬೆನ್ನಿಗೆ ಒಂದು ಬಿತ್ತು. ಅಳಲಿಲ್ಲ ನಾ. ಇನ್ನ ಈ ಮಾತಿನಾಗ ಯಾರಿಗೂ ಸುಳ್ಳು ಹೇಳಂಗಿಲ್ಲ, ದೇವರು ಬಂದು ಕೇಳಿದ್ರೂ ಇದ್ದದ್ದು ಇದ್ದಂಗ ಹೇಳ್ತೀನಿ ಅಂತ ಅವತ್ತು ಹಟ ಹಿಡದೆ.

ಹದಿನೈದು ದಿನದಾಗ ಆ ಹಟಕ್ಕ ಪರೀಕ್ಷೆ ಬಂತು. ಕಾಕಾಗ ಬಳಿಚಕ್ರದ ಒಂದು ಹುಡುಗಿ ನೋಡಿದ್ದರು. ಹುಡುಗಿ ಅಪ್ಪ, ಆಕಿ ಸೋದರಮಾವ, ಆಕಿ ತಾಯಿ, ಮೂವರು ನಮ್ಮ ಮನಿ ನೋಡಾಕ ಬಂದರು. ಬಳಿಚಕ್ರದ ಕಡಿ ಕಾಲುವಿ ಇಲ್ಲ, ಮಳಿ ನಂಬಿದ ಜ್ವಾಳದ ಊರು. ಅದಕ್ಕೇ ಆಯಿಗೆ ಹುರುಪು, ಅನ್ನದ ಮನಿ ಹ್ಯಾಂಗಿರ್ತದ ಅಂತ ತೋರಸಬೇಕಾಗಿತ್ತು. ಮುಂಜಾನಿಂದ ಅವ್ವನ್ನ ಒಲಿ ಮುಂದಿಂದ ಏಳಗೊಡಲಿಲ್ಲ. ಅನ್ನ, ಬ್ಯಾಳಿ, ಬದನಿಕಾಯಿ, ಪುಂಡಿಪಲ್ಯ, ಹೋಳಿಗಿ. ಪಡಸಾಲ್ಯಾಗ ಅಕ್ಕಿ ಚೀಲದ ಮುಂದ ಸಾಲಾಗಿ ತಾಟು ಹಾಕಿದರು. ಒಂದು ಕಡಿ ಗಂಡಸರು ನಾಕು ಮಂದಿ, ಎದುರಿಗೆ ಆ ತಾಯಿ, ಆಕಿ ಮಗ್ಗಲಕ ನಾನೂ ಭೀಮಿನೂ. ಆಯಿ ತಾನೇ ಬಡಸಾಕ ನಿಂತಳು. ಅವ್ವ ಅಡಗಿಮನಿ ಬಾಗಿಲ ಹಿಂದ.

ಎಲ್ಲಾರೂ ಉಣ್ಣಾಕ ಹತ್ತಿದರು. ಭೀಮಿ ಕೈ ಕಟ್ಟಿಕೊಂಡು ಕುಂತಳು.

"ಯಾಕವ್ವ ಕೂಸೇ, ಹೋಳಿಗಿ ಬ್ಯಾಡೇನ್?" ಅಂದಳು ಹುಡುಗಿ ತಾಯಿ.

"ಬೇಕು. ಅವ್ವ ಉಂಡಿಲ್ಲ."

ಆಯಿ ನಕ್ಕಂಗ ಮಾಡಿದಳು. "ಭಾಳ ಹಟಮಾರಿ ಅದ್ರಿ ಇದು. ಅವರವ್ವ ಒಳಗ ಉಂಡಾಳ್ರಿ, ಬಸುರಿ ಅದಾಳ, ಬಿಡ್ತೀವೇನು? ಶಾಂತಿ, ನೀ ಹೇಳು ಈಕಿಗೆ. ಅವ್ವ ಉಂಡಾಳಿಲ್ಲೋ?"

ಎಲ್ಲಾರೂ ನನ್ನ ಕಡಿ ನೋಡಿದರು. ಅಪ್ಪನ ಕಣ್ಣಾಗ "ಹೂಂ ಅನ್ನು" ಅನ್ನೋದು ಚೊಕ್ಕ ಕಾಣ್ತಿತ್ತು. ಕಾಕಾನ ಮದುವಿ ನನ್ನ ನಾಲಿಗಿ ತುದಿಗೆ ನಿಂತದ ಅಂತ ನನಗ ತಿಳೀತು, ಅಷ್ಟು ಸಣ್ಣಾಕಿ ಅಲ್ಲ ನಾ. ಬಾಗಿಲ ಹಿಂದ ಅವ್ವನ ಕೈಬಳಿ ಸಪ್ಪಳ ಕೇಳಿತು.

"ಇಲ್ಲ," ಅಂದೆ. "ಅವ್ವ ಉಂಡಿಲ್ಲ. ನಿನ್ನಿ ಸಂಜಿಗೂ ಬರೇ ಗಂಜಿ ಕುಡದಾಳ."

ಹುಡುಗಿ ತಾಯಿ ಕೈಯಾಗಿನ ತುತ್ತು ತಾಟಿಗೆ ಇಳಿಸಿದಳು. ಬಂದಾಗಿಂದ ಆಕಿ ಹೆಚ್ಚಿಗಿ ಮಾತಾಡಿರಲಿಲ್ಲ. ಈಗ ಸೆರಗು ಸರಿಮಾಡಿಕೊಂಡು ಆಯಿ ಕಡಿ ನೋಡಿ ಕೇಳಿದಳು.

"ಸಿಟ್ಟಿಗೇಳಬ್ಯಾಡ್ರಿ. ಅನ್ನದ ಮನಿಗೆ ಮಗಳನ್ನ ಕೊಡ್ತೀನಿ ಅಂತ ಹಿಗ್ಗಿಕೋತ ಬಂದಾಕಿ ನಾ. ನಮ್ಮ ಮನ್ಯಾಗ ಏನೂ ಇಲ್ರಿ, ಆದ್ರ ನನ್ನ ಮಗಳು ಹಂಚಿನ ಮುಂದ ಕುಂತು ತನ್ನ ರೊಟ್ಟಿ ತಾನು ಮಾಡ್ಕೊಂಡು ಉಣ್ತಾಳ. ಇಲ್ಲಿ ಬಂದ್ರ ಆಕಿಗೆ ಎಷ್ಟನೇ ಪಾಳಿ ಬರ್ತದ್ರಿ?"

ಅಪ್ಪ ತಲಿ ತಗ್ಗಿಸಿದ. ಕಾಕಾ ಅಗಿಯೋದು ಬಿಟ್ಟು ಬಾಯಾಗ ಅನ್ನ ಇಟ್ಟುಕೊಂಡೇ ಕುಂತಿದ್ದ. ಆಯಿ ಮಾರಿ ಕೆಂಪಾತು, ಆಮ್ಯಾಲೆ ಬಿಳುಪಾತು. ಆಕಿ ನನ್ನ ಕೂದಲ ಹಿಡದು ಎಳೀತಾಳ ಅಂದುಕೊಂಡೆ, ಅದಕ್ಕೂ ತಯಾರಿದ್ದೆ. ಆಯಿ ಹುಟ್ಟನ್ನ ಗಡಿಗ್ಯಾಗ ಇಟ್ಟು ಒಳಗ ಹೋಗಿ ಒಂದು ದೊಡ್ಡ ತಾಟು ತಂದಳು. ಆ ತಾಯಿ ಮಗ್ಗಲಕ ಇಟ್ಟಳು.

"ಈರವ್ವಾ, ಹೊರಗ ಬಾ."

ಅವ್ವ ತಲಿ ಮ್ಯಾಲೆ ಸೆರಗು ಎಳಕೊಂಡು ಬಾಗಿಲಾಗ ನಿಂತಳು. "ಆಮ್ಯಾಲೆ ಉಣ್ತೀನ್ರಿ ಅತ್ತಿ. ಮಂದಿ ಅದಾರ."

"ಮಂದಿ ಇರ್ಲಿ. ಹೊಟ್ಟ್ಯಾಗ ಕೂಸು ಇಟ್ಟುಕೊಂಡು ಹಸದಾಕಿ ನಿಂತಿರೋದು, ಇವರು ಕುಂತು ಉಣ್ಣೋದು, ಸಾಕು ಇನ್ನ. ಕುಂದ್ರು." ಆಮ್ಯಾಲೆ ಆ ತಾಯಿಗೆ ಹೇಳಿದಳು, "ನಿಮ್ಮ ಮಗಳದೂ ಇದೇ ಪಾಳಿ ನೋಡ್ರವ್ವ. ಮನಿಮಂದಿ ಕೂಡ ಕುಂತು ಉಣ್ತಾಳ. ಇಷ್ಟು ಮಂದಿ ಮುಂದ ಹೇಳೀನಿ."

ಅವ್ವ ಕುಂತಳು. ಭೀಮಿ ಆಗ ಹೋಳಿಗಿಗೆ ಕೈ ಹಾಕಿದಳು. ಮುಂದ ಆ ಹುಡುಗಿ ನಮ್ಮ ಕಾಕಿ ಆಗಿ ಬಂದಳು, ನಮಗ ಒಬ್ಬ ತಮ್ಮ ಹುಟ್ಟಿದ, ಒಂಬತ್ತನೇ ದಿನ ದಾಟಿದ, ಬೆಳದು ಈಗ ಅದೇ ಹೊಲ ಮಾಡಾಕತ್ತಾನ. ಆದ್ರ ನಮ್ಮ ಮನಿ ಬದಲಾದದ್ದು ಯಾವಾಗ ಅಂತ ಯಾರಾದ್ರೂ ಕೇಳಿದ್ರ ನಾ ಅವತ್ತಿನ ಊಟದ ಕಡೀ ಗಳಿಗಿನೇ ಹೇಳ್ತೀನಿ. ಅವ್ವನ ತಾಟು ಖಾಲಿ ಆಗಿತ್ತು. ಕಾಕಾನ ತಾಟೂ ಖಾಲಿ ಆಗಿತ್ತು, ಅಂವ ಅದನ್ನ ಆಯಿ ಕಡಿ ಚಾಚಿದ್ದ. ಅವ್ವ ಇನ್ನ ಎದ್ದುಬಿಡ್ತಾಳ ಅಂದುಕೊಂಡೆ ನಾ. ಏಳಲಿಲ್ಲ.

"ಅತ್ತಿ, ನನಗ ಇನ್ನೊಂದೀಟು ಅನ್ನ ಹಾಕ್ರಿ," ಅಂದಳು.

ಕಾಕಾ ಸುಮ್ಮಕ ತಾಟು ಹಿಂದಕ್ಕ ತಗೊಂಡ. ಆಯಿ ಅವ್ವನ ಮುಂದ ಬಗ್ಗಿ ಎರಡು ಹುಟ್ಟು ಹಾಕಿದಳು, ಮೂರನೇದು ತುಂಬಿ ಹಿಡಕೊಂಡು ಕೇಳಿದಳು:

"ಸಾಕೋ, ಬೇಕೋ?"

"ಬೇಕ್ರಿ," ಅಂದಳು ನಮ್ಮವ್ವ.